ಕತ್ತರಿ ಕೆಳಗಿಟ್ಟ ತೋಟಗಾರ

ಏನೂ ಮಾಡದೆ ಬೆಳೆ ತೆಗೆದವನೆಂದು ಜಗತ್ತು ಕೊಂಡಾಡಿದ ಜಪಾನಿನ ರೈತ ಮೊಟ್ಟಮೊದಲು ಮಾಡಿದ್ದು ಅಪ್ಪನ ತೋಟವನ್ನು ಕೊಂದದ್ದು! ‘ಎಲ್ಲ ಬಿಟ್ಟುಬಿಡಿ, ಹಾಯಾಗಿರಿ’ ಎಂಬ ಉಪದೇಶ ಪುಕ್ಕಟೆ ಸಿಗುವ ಈ ಕಾಲದಲ್ಲಿ ಮಸನೊಬು ಫುಕುವೋಕಾ ಅವರ ಆ ಸತ್ತ ಮರಗಳನ್ನು ಮಾತಾಡಿಸಿಕೊಂಡು ಬರಬೇಕಿದೆ.

ಮರಗಳು ಮೊದಲಿಗೆ ಸೊರಗಲಿಲ್ಲ, ಸೊಕ್ಕಿದವು. ಕಂಡ ಕಂಡ ಕಡೆ ಚಿಗುರು ಚಾಚಿದವು. ಒಂದು ರೆಂಬೆ ಇನ್ನೊಂದರ ಮೇಲೇರಿತು, ಅದರ ಮೇಲೆ ಮತ್ತೊಂದು. ಒಳಗೆ ಬೀಳುತ್ತಿದ್ದ ಬಿಸಿಲು ಎಲೆಯ ಛಾವಣಿಯಲ್ಲೇ ನಿಂತುಹೋಯಿತು. ಆಮೇಲೆ ಹುಳು ಬಿತ್ತು. ನೋಡನೋಡುತ್ತ ತೋಟಕ್ಕೆ ತೋಟವೇ ಒಣಗಿತು.

ಜಪಾನಿನ ಶಿಕೊಕು ದ್ವೀಪದ ಎಹಿಮೆ ಪ್ರಾಂತ್ಯದ ಗುಡ್ಡದ ಮೇಲಿನ ಕಿತ್ತಳೆ ತೋಟ ಅದು. ಕಾಲ 1930ರ ದಶಕದ ಕೊನೆ. ಮರಗಳನ್ನು ನೆಟ್ಟು ಬೆಳೆಸಿದವರು ಊರಿನ ಮುಖ್ಯಸ್ಥರೂ ಆಗಿದ್ದ ಹಿರಿಯ ಫುಕುವೋಕಾ. ಹಣ್ಣು ಕೈಗೆಟುಕಬೇಕು, ಬಿಸಿಲು ಒಳಗಿಳಿಯಬೇಕು ಎಂದು ರೆಂಬೆಗಳನ್ನು ಸವರಿ ಸವರಿ ಪ್ರತಿ ಮರವನ್ನೂ ಬಟ್ಟಲಿನ ಆಕಾರಕ್ಕೆ ತಂದಿದ್ದರು. ಫಲ ತುಂಬಿದ ಆ ತೋಟವನ್ನು ಮಗನ ಕೈಗೆ ಕೊಟ್ಟರು. ಮಗ ಕತ್ತರಿ ಕೆಳಗಿಟ್ಟ.

ಸೋಮಾರಿತನದಿಂದಲ್ಲ, ತತ್ತ್ವಕ್ಕಾಗಿ.

ಅದಕ್ಕೂ ಮೊದಲು ಯೊಕೊಹಾಮಾ ಬಂದರಿನ ಸುಂಕದ ಕಚೇರಿಯಲ್ಲಿ ಆತ ಸಸ್ಯರೋಗ ತಜ್ಞ. ಹಗಲು ಸೂಕ್ಷ್ಮದರ್ಶಕ, ಸಂಜೆ ಪಟ್ಟಣದ ಮೋಜು. ನಡುವೆ ನ್ಯುಮೋನಿಯಾ ಬಂದು ಆಸ್ಪತ್ರೆ ಸೇರಿದ. ಸಾವು ಹತ್ತಿರ ಬಂದು ಹೋದ ಮೇಲೆ ಯಾವುದರಲ್ಲೂ ಮನಸ್ಸು ನಿಲ್ಲದೆ ರಾತ್ರಿಯೆಲ್ಲ ಅಲೆಯತೊಡಗಿದ. ಅಂಥದೊಂದು ರಾತ್ರಿ ಕಳೆದು, ಮೇ 15ರ ಬೆಳಗಿನ ಜಾವ, ಬಂದರಿನ ಮೇಲಿನ ದಿಬ್ಬದಲ್ಲಿ ಮರಕ್ಕೊರಗಿ ಕುಳಿತಿದ್ದಾಗ ಬಕಪಕ್ಷಿಯೊಂದು ಕೂಗಿ ಹಾರಿಹೋಯಿತಂತೆ. ತಾನು ಹಿಡಿದುಕೊಂಡಿದ್ದ ವಿಚಾರಗಳೆಲ್ಲ ಪೊಳ್ಳು, ಮನುಷ್ಯ ಇಲ್ಲಿ ಮಾಡಬೇಕಾದದ್ದೇನೂ ಇಲ್ಲ ಎಂದು ಆ ಕ್ಷಣ ಅನ್ನಿಸಿತು. ವಯಸ್ಸು 25. ಕೆಲಸ ಬಿಟ್ಟ. ಕಂಡವರಿಗೆಲ್ಲ ಇದನ್ನೇ ಹೇಳಿಕೊಂಡು ಊರೂರು ತಿರುಗಿದ. ಯಾರೂ ಕಿವಿಗೊಡಲಿಲ್ಲ. ಸರಿ, ಮಾತಿನಲ್ಲಿ ಆಗದ್ದನ್ನು ಮಣ್ಣಿನಲ್ಲಿ ತೋರಿಸುತ್ತೇನೆಂದು ಊರಿಗೆ ಮರಳಿ ಗುಡ್ಡದ ಗುಡಿಸಲು ಸೇರಿದ. ತೋರಿಸಿದ್ದು ಒಣಗಿದ ತೋಟವನ್ನು!

ಇಂಥ ಸಾಕ್ಷಾತ್ಕಾರದ ಕಥೆಗಳು ನಮಗೆ ಹೊಸವಲ್ಲ. ಸಾಮಾನ್ಯವಾಗಿ ಅವು ಮರದ ಕೆಳಗೇ ಮುಗಿಯುತ್ತವೆ. ಮರುದಿನ ಮನೆಯಲ್ಲಿ ಏನಾಯಿತೆಂದು ಯಾರೂ ಬರೆಯುವುದಿಲ್ಲ. ಫುಕುವೋಕಾ ಬರೆದರು. ಎಲ್ಲವನ್ನೂ ಪ್ರಕೃತಿಗೆ ಬಿಟ್ಟರೆ ಸಾಕೆಂದು ನಂಬಿದ್ದೆ, ಒಮ್ಮೆಗೇ ಬಿಟ್ಟಾಗ ಆದದ್ದು ಸಹಜ ಕೃಷಿಯಲ್ಲ, ಬರೀ ಅನಾಥ ಮಾಡಿದ ಕೆಲಸ ಎಂದು ಮುಂದೆ ತಮ್ಮ ಪುಸ್ತಕದಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಆ ಪುಸ್ತಕವೇ 1975ರಲ್ಲಿ ಜಪಾನಿ ಭಾಷೆಯಲ್ಲಿ ಬಂದ ‘ಒಂದು ಹುಲ್ಲಿನ ಕ್ರಾಂತಿ’. ಅದಕ್ಕೀಗ ಅರ್ಧ ಶತಮಾನ ತುಂಬಿದೆ. ಅದನ್ನು ಸಾವಯವ ಕೃಷಿಯ ಕಪಾಟಿನಲ್ಲಿಟ್ಟು ಮರೆತಿದ್ದೇವೆ. ನನಗೆ ಕೇಳಿದರೆ, ಹಿಡಿತ ಸಡಿಲಿಸಿ ಬದುಕುವುದು ಹೇಗೆಂದು ಹೇಳುವ ಪುಸ್ತಕಗಳ ರಾಶಿಯಲ್ಲಿ ಕೈ ಕೆಸರು ಮಾಡಿಕೊಂಡು ಬರೆದದ್ದು ಇದೊಂದೇ.

▪ ಫುಕುವೋಕಾ: ಕಿರು ಪರಿಚಯ

ಜನನ: 1913, ಎಹಿಮೆ ಪ್ರಾಂತ್ಯದ ಇಯೊ. ನಿಧನ: 2008, 95ನೇ ವಯಸ್ಸಿನಲ್ಲಿ.

ಜಮೀನು: ಒಂದೂಕಾಲು ಎಕರೆ ಗದ್ದೆ, ಹನ್ನೆರಡೂವರೆ ಎಕರೆ ಕಿತ್ತಳೆ ತೋಟ.

ನಾಲ್ಕು ಬೇಡಗಳು: ಉಳುಮೆ ಬೇಡ. ರಾಸಾಯನಿಕ ಗೊಬ್ಬರವೂ ಬೇಡ, ತಿಪ್ಪೆಗೊಬ್ಬರ ಮಾಗಿಸುವ ಪಾಡೂ ಬೇಡ. ಉತ್ತು, ಮದ್ದು ಹೊಡೆದು ಕಳೆ ಕೊಲ್ಲುವುದು ಬೇಡ. ಕೀಟನಾಶಕದ ಹಂಗು ಬೇಡ.

ಮನ್ನಣೆ: 1988ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ. ಶಾಂತಿನಿಕೇತನದ ವಿಶ್ವಭಾರತಿಯಿಂದ ‘ದೇಶಿಕೋತ್ತಮ’.

ಅಪ್ಪನಿಗೆ ತೋಟ ಹೋದ ದುಃಖಕ್ಕಿಂತ ಊರವರ ಬಾಯಿಗೆ ಬಿದ್ದ ಮಗನ ಚಿಂತೆ ದೊಡ್ಡದಾಯಿತು. ಯುದ್ಧದ ಕಾಲ ಬೇರೆ. ಗುಡ್ಡದ ಮೇಲೆ ಕೆಲಸವಿಲ್ಲದೆ ಕುಳಿತ ಯುವಕನ ಮೇಲೆ ಎಲ್ಲರ ಕಣ್ಣು. ನೌಕರಿಗೆ ಹೋಗು ಎಂದರು. ಮಗ ತುಟಿಪಿಟಕ್ಕೆನ್ನದೆ ಕೊಚಿ ಪ್ರಾಂತ್ಯದ ಕೃಷಿ ಸಂಶೋಧನಾ ಕೇಂದ್ರ ಸೇರಿ ಎಂಟು ವರ್ಷ ರೋಗ, ಕೀಟಗಳ ವಿಭಾಗ ನೋಡಿಕೊಂಡ. ಯುದ್ಧ ಮುಗಿದ ಮೇಲೇ ಮತ್ತೆ ಮಣ್ಣಿಗಿಳಿದದ್ದು.

ಈ ಎಂಟು ವರ್ಷ ಕಥೆಯಲ್ಲಿ ಅಡ್ಡ ಬಂದಂತೆ ಕಾಣುತ್ತದೆ. ನನಗೇನೋ ಇದೇ ಗಟ್ಟಿ ಭಾಗ ಅನ್ನಿಸುತ್ತದೆ. ಗಿಡಕ್ಕೆ ಯಾವ ರೋಗ ಯಾಕೆ ಬರುತ್ತದೆ, ಯಾವ ಹುಳು ಯಾವಾಗ ಏಳುತ್ತದೆ ಎಂದು ಅಷ್ಟು ಕಾಲ ನೋಡಿದವನಿಗೆ ಮಾತ್ರ ಎಲ್ಲಿ ಸುಮ್ಮನಿರಬಹುದು ಎಂಬುದೂ ಗೊತ್ತಾಗಲು ಸಾಧ್ಯ.

ಹಿಂದೊಮ್ಮೆ ಆತ ಪಾಳುಬಿದ್ದ ಗದ್ದೆಯೊಂದನ್ನು ಹಾದು ಹೋಗಿದ್ದ. ವರ್ಷಗಳಿಂದ ನೇಗಿಲು ಕಾಣದ ನೆಲ. ಅಲ್ಲಿ ಹುಲ್ಲು, ಕಳೆಗಳ ಸಿಕ್ಕಿನೊಳಗಿಂದಲೇ ಭತ್ತದ ಸಸಿಗಳು ಗಟ್ಟಿಯಾಗಿ ಮೇಲೆದ್ದಿದ್ದವು. ಬಿತ್ತಿದವರಿಲ್ಲ, ನಾಟಿ ಮಾಡಿದವರಿಲ್ಲ, ನೀರು ಕಟ್ಟಿದವರಿಲ್ಲ. ಹೆಚ್ಚಿನ ರೈತರು ಯಾವಾಗಲೂ ‘ಇನ್ನೇನು ಮಾಡಿದರೆ ಇಳುವರಿ ಹೆಚ್ಚೀತು’ ಎಂದು ಕೇಳುತ್ತಾರೆ. ಫುಕುವೋಕಾ ಪ್ರಶ್ನೆಯನ್ನು ತಿರುಗಿಸಿದರು. ಇದನ್ನು ಮಾಡದಿದ್ದರೆ ಏನಾದೀತು? ಅದನ್ನೂ ಬಿಟ್ಟರೆ? ಒಂದೊಂದೇ ಕೆಲಸವನ್ನು ತೆಗೆದು, ಒಂದು ಬೆಳೆ ಕಾದು ನೋಡಿ, ಮುಂದಿನದಕ್ಕೆ ಕೈಹಾಕಿದರು. ಪದ್ಧತಿ ಒಂದು ನೆಲೆಗೆ ಬರುವಷ್ಟರಲ್ಲಿ ದಶಕಗಳೇ ಕಳೆದಿದ್ದವು.

ಹೀಗೆ ಉಳಿದುಕೊಂಡ ಕೃಷಿ ನೋಡಲು ಮಜವಾಗಿದೆ. ಅಕ್ಟೋಬರಿನಲ್ಲಿ ಭತ್ತ ಇನ್ನೂ ಗದ್ದೆಯಲ್ಲಿ ನಿಂತಿರುವಾಗಲೇ ಅದರ ನಡುವೆ ಬಿಳಿ ಕ್ಲೋವರ್ ಮತ್ತು ಬಾರ್ಲಿ ಬೀಜ ಎರಚುವುದು. ಕ್ಲೋವರ್ ನಮ್ಮ ಹುರುಳಿ, ಅಲಸಂದೆಯ ಕುಲದ್ದು. ನೆಲಕ್ಕೆ ಹೊದಿಕೆಯೂ ಹೌದು, ಸಾರಜನಕದ ಸಾರವೂ ಹೌದು. ಭತ್ತ ಕೊಯ್ದಾದ ಮೇಲೆ ಹುಲ್ಲನ್ನೆಲ್ಲ ಅದೇ ಗದ್ದೆಗೆ ಹರಡುವುದು. ಚಳಿ ಶುರುವಾದಾಗ ಭತ್ತದ ಬೀಜವನ್ನು ಜೇಡಿಮಣ್ಣಿನ ಉಂಡೆಯೊಳಗಿಟ್ಟು ಬಾರ್ಲಿಯ ನಡುವೆ ಚೆಲ್ಲುವುದು. ಇಲಿ, ಹಕ್ಕಿಗಳಿಗೆ ಉಂಡೆ ಬೇಡ. ಮೇ ತಿಂಗಳಲ್ಲಿ ಬಾರ್ಲಿ ಕೊಯ್ಯುವ ಹೊತ್ತಿಗೆ ಭತ್ತದ ಸಸಿ ಎದ್ದಿರುತ್ತದೆ. ಕೊಯ್ಯುವವರು ಅದರ ಮೇಲೇ ಓಡಾಡುತ್ತಾರೆ! ತುಳಿಸಿಕೊಂಡ ಸಸಿ ಕೆಲವೇ ದಿನಗಳಲ್ಲಿ ತಲೆಯೆತ್ತುತ್ತದೆ. ಅಗೆಮಡಿ ಮಾಡಿ, ಕೆಸರು ಕಲಸಿ, ಹಗ್ಗ ಹಿಡಿದು ಸಾಲು ನಾಟಿ ಮಾಡಿ ಬೆನ್ನು ಬಗ್ಗಿದವರು ಇದನ್ನು ಓದಿದರೆ ನಗುವುದೋ ಅಳುವುದೋ ತಿಳಿಯಲಿಕ್ಕಿಲ್ಲ.

ಸುತ್ತಲಿನ ಗದ್ದೆಗಳಲ್ಲಿ ಬೆಳೆಗಾಲವಿಡೀ ನೀರು ನಿಂತಿದ್ದರೆ, ಫುಕುವೋಕಾ ಅವರ ಗದ್ದೆಯಲ್ಲಿ ನಿಲ್ಲುತ್ತಿದ್ದುದು ಜೂನ್ ಮಳೆಯ ಹೊತ್ತಿಗೆ ಕೆಲವು ದಿನ ಮಾತ್ರ. ಕ್ಲೋವರ್ ಮತ್ತು ಕಳೆ ಸುಸ್ತಾಗಬೇಕು, ಸಾಯಬಾರದು; ಅಷ್ಟರಲ್ಲಿ ಭತ್ತ ಮೇಲೇಳಬೇಕು. ಹಾಗೆ ಲೆಕ್ಕ ಹಾಕಿ ಬದು ಕಟ್ಟಿ, ಲೆಕ್ಕ ಹಾಕಿ ಬಿಚ್ಚುವುದು. ‘ಏನೂ ಮಾಡದ ಕೃಷಿ’ಯ ಒಳಗುಟ್ಟು ಇಲ್ಲಿದೆ. ವರ್ಷವಿಡೀ ಬಿಗಿಹಿಡಿದದ್ದೇನೂ ಇಲ್ಲ, ಆದರೆ ಆ ಒಂದು ವಾರ ಕಣ್ಣು ತಪ್ಪುವಂತಿಲ್ಲ.

ಇಳುವರಿ? ಅವರೇ ಕೊಟ್ಟ ಲೆಕ್ಕದಂತೆ ಕಾಲು ಎಕರೆಗೆ ಸುಮಾರು 590 ಕಿಲೋ ಭತ್ತ, ಅಂದರೆ ಎಕರೆಗೆ 23 ಕ್ವಿಂಟಲ್‌ಗೂ ಮಿಕ್ಕು. ಪ್ರಾಂತ್ಯದ ಒಳ್ಳೆಯ ಗದ್ದೆಗಳಿಗೆ ಸರಿಸಮ.

ಹುಲ್ಲಿನ ಬಗ್ಗೆ ಅವರಿಗೊಂದು ಹಟವಿತ್ತು. ಅದನ್ನು ಕತ್ತರಿಸಬಾರದು, ಸಾಲಾಗಿ ಜೋಡಿಸಬಾರದು, ಗಾಳಿಗೆ ಬಿದ್ದ ಹಾಗೆ ಅಡ್ಡಾದಿಡ್ಡಿ ಎಸೆಯಬೇಕು. ನೋಡಿ ಕಲಿಯಲು ಬಂದವರಿಗೆ ಇದೇ ಒಗ್ಗದ ಪಾಠ. ಕೆಲಸ ಮಾಡಿದ್ದೇವೆಂದು ಕಾಣಬೇಕಲ್ಲ! ಹುಲ್ಲನ್ನು ಚೊಕ್ಕವಾಗಿ ಒತ್ತಾಗಿ ಹಾಸುತ್ತಿದ್ದರು, ಕೆಳಗಿನ ಮೊಳಕೆಗೆ ದಾರಿ ಸಿಗುತ್ತಿರಲಿಲ್ಲ.

ಹಾಗಂತ ಅವರೂ ಮೈಮುರಿದು ದುಡಿದು ಸೋತವರೇ. ಗುಡ್ಡದ ಕೆಂಪು ಜೇಡಿ ಹಾರೆಗೂ ಬಗ್ಗದಷ್ಟು ಗಟ್ಟಿ. ಅದನ್ನು ಸಡಿಲಿಸಲೆಂದು ಮೊದಲು ಕಾಡಿನಿಂದ ಮರದ ದಿಮ್ಮಿ, ತರಗೆಲೆ ಹೊತ್ತು ತಂದು ಗುಂಡಿ ತೋಡಿ ಹೂಳಿದರು. ಬೆವರು ಸುರಿದಷ್ಟು ಮಣ್ಣು ಬದಲಾಗಲಿಲ್ಲ. ಆಮೇಲೆ ಮೂಲಂಗಿ, ಕ್ಲೋವರ್, ಅಕೇಶಿಯಾ ಬೆಳೆಸಿದರು. ಅವುಗಳ ಬೇರುಗಳು ಯಾರೂ ಕೂಲಿ ಕೊಡದೆ ನೆಲದಾಳಕ್ಕಿಳಿದವು. ಕಿತ್ತಳೆ ಮರ ಎಳೆಯದರಿಂದಲೇ ಕತ್ತರಿ ಕಾಣದಿದ್ದರೆ ನೇರ ಕಾಂಡ ಬಿಟ್ಟು ರೆಂಬೆ ರೆಂಬೆಗೆ ತಾಗದ ಹಾಗೆ ತಾನೇ ಬೆಳೆಯುತ್ತದೆ ಎಂಬುದೂ ನಿಧಾನಕ್ಕೆ ಗೊತ್ತಾಯಿತು. ಒಮ್ಮೆ ಸವರಿದ ಮರದ ಮಾತು ಬೇರೆ. ಅದು ಕೈಯ ಆಸರೆಗೆ ಒಗ್ಗಿಕೊಂಡಿರುತ್ತದೆ. ಅದರ ಮೇಲಿನ ಹಿಡಿತವನ್ನು ವರ್ಷಗಟ್ಟಲೆ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ನಮ್ಮ ಕಾಫಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೆರಳುಮರಗಳ ರೆಂಬೆ ಸವರುವ ಮರಗಸಿ ತಪ್ಪಿದ ತೋಟದೊಳಗೆ ಎಷ್ಟು ಬೇಗ ಕತ್ತಲಾಗುತ್ತದೆಂದು ಅವರು ಬಲ್ಲರು.

ಫುಕುವೋಕಾ ಅವರ ಪುಸ್ತಕ ಅಚ್ಚಾದ ಅದೇ 1975ರಲ್ಲಿ, ಜಗತ್ತಿನ ಇನ್ನೊಂದು ಮೂಲೆಯಲ್ಲಿ, ಅಮೆರಿಕದ ಮನೋವಿಜ್ಞಾನಿ ಎಲೆನ್ ಲ್ಯಾಂಗರ್ ಒಂದು ತಮಾಷೆಯ ಪ್ರಯೋಗವನ್ನು ಪ್ರಕಟಿಸಿದರು. ಕಚೇರಿ ನೌಕರರಿಗೆ ಒಂದು ಡಾಲರಿನ ಲಾಟರಿ ಟಿಕೆಟ್ ಮಾರಲಾಯಿತು. ಕೆಲವರು ತಮ್ಮ ಟಿಕೆಟ್ಟನ್ನು ತಾವೇ ಆರಿಸಿಕೊಂಡರು, ಉಳಿದವರ ಕೈಗೆ ಯಾವುದೋ ಒಂದನ್ನು ಕೊಡಲಾಯಿತು. ಆಮೇಲೆ ‘ನಿಮ್ಮ ಟಿಕೆಟ್ ನನಗೆ ಮಾರುತ್ತೀರಾ?’ ಎಂದು ಕೇಳಿದಾಗ, ಕೊಟ್ಟದ್ದನ್ನು ತೆಗೆದುಕೊಂಡವರು ಸರಾಸರಿ 1.96 ಡಾಲರ್ ಹೇಳಿದರು. ತಾವೇ ಆರಿಸಿದವರು ಹೇಳಿದ್ದು 8.67 ಡಾಲರ್! ಡ್ರಾ ಎತ್ತುವವರಿಗೆ ಯಾರು ಆರಿಸಿದರೇನು? ಆದರೂ ತನ್ನ ಬೆರಳು ತಾಗಿದ್ದಕ್ಕೆ ಅದೃಷ್ಟ ಹೆಚ್ಚೆಂದು ಮನಸ್ಸು ನಂಬಿಬಿಡುತ್ತದೆ. ಹಿಡಿತದ ಭ್ರಮೆ ಎಂದು ಲ್ಯಾಂಗರ್ ಇದನ್ನು ಕರೆದರು. ರಾತ್ರಿ ಮಲಗುವ ಮುನ್ನ ನಾಳೆಯ ಮಳೆಯನ್ನು ಫೋನಿನಲ್ಲಿ ನಾಲ್ಕು ಸಲ ನೋಡುವವರು, ಹೊರಟ ಬಸ್ಸು ಎಲ್ಲಿ ಬಂತೆಂದು ನಕ್ಷೆ ಎಳೆದೆಳೆದು ನೋಡುವವರು ಈ ಪ್ರಯೋಗದ ಮೊಮ್ಮಕ್ಕಳು.

▪ ಒತ್ತಿದ್ದೇ ಒತ್ತಿದ್ದು

ನ್ಯೂಯಾರ್ಕಿನಲ್ಲಿ ರಸ್ತೆ ದಾಟುವವರಿಗಾಗಿ ಸಿಗ್ನಲ್ ಕಂಬಗಳಲ್ಲಿ 3,250 ಗುಂಡಿಗಳಿದ್ದವು. ಅವುಗಳಲ್ಲಿ 2,500ಕ್ಕೂ ಹೆಚ್ಚು ಕೆಲಸವೇ ಮಾಡುತ್ತಿರಲಿಲ್ಲ ಎಂದು 2004ರಲ್ಲಿ ಅಲ್ಲಿನ ಪತ್ರಿಕೆ ವರದಿ ಮಾಡಿತು. ಸಿಗ್ನಲ್‌ಗಳನ್ನು ಕಂಪ್ಯೂಟರ್ ನಡೆಸತೊಡಗಿ ಬಹುಕಾಲವಾಗಿತ್ತು. ಗುಂಡಿ ಕೀಳಲು ಖರ್ಚೆಂದು ಹಾಗೇ ಬಿಟ್ಟಿದ್ದರು. ಜನ ಒತ್ತುತ್ತಲೇ ಇದ್ದರು. ದೀಪ ಹೇಗೂ ಸ್ವಲ್ಪ ಹೊತ್ತಿಗೆ ಬದಲಾಗುತ್ತಿತ್ತು, ಒತ್ತಿದವರಿಗೆ ತಮ್ಮಿಂದಲೇ ಆಯಿತೆಂಬ ಸಮಾಧಾನ!

ಹಾಗಾದರೆ ಎಲ್ಲ ಹಿಡಿತವೂ ಭ್ರಮೆಯೇ? ಇಲ್ಲ. ಮರುವರ್ಷವೇ, 1976ರಲ್ಲಿ, ಇದೇ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಕನೆಕ್ಟಿಕಟ್‌ನ ವೃದ್ಧಾಶ್ರಮವೊಂದರಲ್ಲಿ ನಡೆಸಿದ ಅಧ್ಯಯನ ಹೊರಬಂತು. ಒಂದು ಮಹಡಿಯ ಹಿರಿಯರಿಗೆ, ನಿಮ್ಮ ಕೋಣೆ ಹೇಗಿರಬೇಕು, ಯಾವ ದಿನ ಸಿನಿಮಾ ನೋಡಬೇಕು ಎಂಬುದು ನಿಮ್ಮ ಇಷ್ಟ ಎಂದು ಹೇಳಿ, ಒಂದೊಂದು ಗಿಡ ಕೊಟ್ಟು ನೋಡಿಕೊಳ್ಳಲು ಬಿಟ್ಟರು. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು, ಆದರೆ ನೀರು ಹಾಕುವುದು ನರ್ಸ್‌ಗಳ ಕೆಲಸ, ನಿಮಗೆ ಯಾವ ಚಿಂತೆಯೂ ಬೇಡ ಎಂದರು. ಕೆಲ ವಾರಗಳಲ್ಲೇ ಗಿಡಕ್ಕೆ ನೀರು ಹಾಕಿದ ಅಜ್ಜ ಅಜ್ಜಿಯರು ಹೆಚ್ಚು ಚುರುಕಾಗಿ, ಹೆಚ್ಚು ಗೆಲುವಾಗಿ ಕಂಡರು. ಚಿಂತೆಯಿಲ್ಲದವರು ಮಂಕಾದರು.

ಯಾವುದು ಲಾಟರಿ, ಯಾವುದು ಕುಂಡದ ಗಿಡ ಎಂದು ಗೊತ್ತಾಗುವುದರಲ್ಲೇ ಇದೆ ಎಲ್ಲ. ನಮ್ಮ ಕಷ್ಟವೆಂದರೆ, ಲಾಟರಿಯನ್ನು ಬಿಗಿಯಾಗಿ ಹಿಡಿದುಕೊಂಡು ಗಿಡಕ್ಕೆ ನೀರು ಹಾಕಲು ಕೆಲಸದವರನ್ನು ಇಟ್ಟಿರುತ್ತೇವೆ.

ಫುಕುವೋಕಾ ಭಾರತಕ್ಕೆ ಬಂದದ್ದು ಬರೀ ಪ್ರಶಸ್ತಿ ತೆಗೆದುಕೊಳ್ಳಲಲ್ಲ, ಪುಸ್ತಕದ ರೂಪದಲ್ಲೂ ಬಂದರು. ಮಧ್ಯಪ್ರದೇಶದ ಹೋಶಂಗಾಬಾದ್ ಬಳಿಯ ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಅವರ ಪುಸ್ತಕದ ಭಾರತೀಯ ಆವೃತ್ತಿಯನ್ನು ಅಚ್ಚು ಹಾಕಿ ಹಂಚಿತ್ತು. ಕನ್ನಡಕ್ಕೂ ಅದು ಬಂತು. ಮೂಡಿಗೆರೆಯ ಕಾಫಿ ತೋಟದಲ್ಲಿದ್ದ ಪೂರ್ಣಚಂದ್ರ ತೇಜಸ್ವಿ ‘ಸಹಜ ಕೃಷಿ’ ಬರೆದು ಈ ಜಪಾನಿ ರೈತನನ್ನು ಕನ್ನಡಿಗರ ಹಟ್ಟಿಯೊಳಕ್ಕೆ ಕರೆತಂದರು. ರಾಸಾಯನಿಕ ಕೃಷಿಯಲ್ಲಿ ಪಳಗಿದ್ದ ದೊಡ್ಡಬಳ್ಳಾಪುರದ ನಾಡೋಜ ಎಲ್. ನಾರಾಯಣ ರೆಡ್ಡಿ ಅವರು ದಾರಿ ಬದಲಿಸಿದ್ದರ ಹಿಂದೆಯೂ ಈ ಪುಸ್ತಕವಿತ್ತು. 2019ರಲ್ಲಿ ತೀರಿಕೊಳ್ಳುವವರೆಗೂ ರೆಡ್ಡಿಯವರು ಜಮೀನಿಗೆ ಬಂದವರಿಗೆಲ್ಲ ಮೊದಲು ಮಣ್ಣು, ಎರೆಹುಳು ತೋರಿಸುತ್ತಿದ್ದರು.

ಆಮೇಲೆ ನಮ್ಮಲ್ಲಿ ಹೆಚ್ಚು ಹಬ್ಬಿದ್ದು ಸುಭಾಷ್ ಪಾಳೇಕರ್ ಅವರ ಪದ್ಧತಿ. ಅದಕ್ಕೊಂದು ಪಾಕವಿತ್ತು. ಎಕರೆಗೆ 200 ಲೀಟರ್ ನೀರು, 10 ಕಿಲೋ ನಾಟಿ ಹಸುವಿನ ಸಗಣಿ, ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಹಿಟ್ಟು, ಒಂದು ಹಿಡಿ ಮಣ್ಣು. ಜೀವಾಮೃತ! ಸಾಲದಲ್ಲಿ ಮುಳುಗಿದ ರೈತನಿಗೆ ನಾಳೆ ಬೆಳಗ್ಗೆ ಏನು ಮಾಡಬೇಕೆಂದು ಖಚಿತವಾಗಿ ಹೇಳುವ ಮಾತು ಬೇಕು, ಹಾಗಾಗಿ ಅದನ್ನು ಹಳಿಯುವುದು ಸಲ್ಲ. ಆದರೆ ಅಳತೆ ಕೊಟ್ಟವರ ಸಭೆಗೆ ಜನ ತುಂಬಿದರು, ಅಳತೆ ಬಿಡಿ ಎಂದವರ ಗದ್ದೆಗೆ ಕೆಲವರಷ್ಟೇ ಹೋದರು. ಜಪಾನಿನಲ್ಲೂ ಅಷ್ಟೇ. ಫುಕುವೋಕಾ ಅವರ ಹಾದಿಯನ್ನು ಅಕ್ಕಪಕ್ಕದ ರೈತರು ದೊಡ್ಡ ಸಂಖ್ಯೆಯಲ್ಲಿ ತುಳಿಯಲಿಲ್ಲ. ನೂರು ಕೆಲಸ ಮಾಡು ಎಂದರೆ ಮನುಷ್ಯ ಮಾಡಿಯಾನು, ಒಂದನ್ನು ಬಿಟ್ಟು ಒಂದು ಬೆಳೆ ಪೂರ್ತಿ ಕಾದು ನೋಡು ಎಂದರೆ ಎದೆ ಡವಗುಟ್ಟುತ್ತದೆ.

ಕಿತ್ತಳೆ ಮರಗಳ ಮಾತನ್ನು ಫುಕುವೋಕಾ ಅವರೇ ಮಕ್ಕಳವರೆಗೂ ಒಯ್ದಿದ್ದಾರೆ. ಮರ ತನ್ನ ಸಹಜ ರೂಪದಿಂದ ಎಷ್ಟು ದೂರ ಸರಿಯುತ್ತದೋ ಅಷ್ಟು ಕತ್ತರಿ ಬೇಕಾಗುತ್ತದೆ, ಶಾಲೆಯ ಪಾಠವೂ ಹಾಗೆಯೇ ಎಂಬುದು ಅವರ ವಾದ. ಶಾಲೆ ಬೇಡವೆನ್ನುವಷ್ಟು ದೂರ ನಾನು ಹೋಗಲಾರೆ. ಆದರೆ ಜೂನ್, ಜುಲೈನಲ್ಲಿ ಹಾಸ್ಟೆಲ್‌ಗಳ ಮುಂದೆ ನಿಂತರೆ ಆ ತೋಟ ಕಣ್ಣಿಗೆ ಕಟ್ಟುತ್ತದೆ.

ಹದಿನೇಳು ವರ್ಷ ಒಂದೊಂದು ಚಿಗುರಿಗೂ ಕತ್ತರಿ. ಐದಕ್ಕೆ ಎಬ್ಬಿಸುವವರು ಅಮ್ಮ, ಟ್ಯೂಷನ್ನಿಗೆ ಬಿಡುವವರು ಅಪ್ಪ, ನಡುವೆ ಮಗು ಎಲ್ಲಿದೆ ಎಂದು ಹೇಳಲು ಫೋನು. ಯಾವ ಗೆಳೆಯ, ಯಾವ ಚಪ್ಪಲಿ, ಪಿಯುಸಿಯಲ್ಲಿ ಯಾವ ಕಾಂಬಿನೇಷನ್, ಎಲ್ಲ ಮನೆಯಲ್ಲೇ ತೀರ್ಮಾನ. ಸಿಇಟಿ ಸೀಟು ಸಿಕ್ಕ ದಿನ ಟ್ರಂಕು, ಬಕೆಟ್ಟು ಇಳಿಸಿ, ತಲೆ ಸವರಿ, ‘ಇನ್ಮೇಲೆ ನಿನ್ನ ಜವಾಬ್ದಾರಿ ನಿಂದೇನಪ್ಪಾ’ ಎಂದು ಹೊರಟುಬಿಡುತ್ತಾರೆ. ಹೋಗುವಾಗ ಅವರ ಮುಖದಲ್ಲಿ ದೊಡ್ಡ ತ್ಯಾಗದ ಕಳೆ. ಹುಡುಗನಿಗೋ ಹಸಿವಾದರೆ ಎಷ್ಟು ಹೊತ್ತಿಗೆ ಉಣ್ಣಬೇಕೆಂದು ತಿಳಿಯದು. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಾಗ ‘ಸ್ವಾತಂತ್ರ್ಯ ಕೊಟ್ಟಿದ್ದೇ ತಪ್ಪಾಯ್ತು’ ಎಂಬ ಮಾತು. ಸ್ವಾತಂತ್ರ್ಯದಲ್ಲಿ ತಪ್ಪಿಲ್ಲ, ಎಲ್ಲವನ್ನೂ ಒಂದೇ ಮಧ್ಯಾಹ್ನ ಕೊಟ್ಟದ್ದರಲ್ಲಿದೆ. ಏಳನೇ ತರಗತಿಯಲ್ಲಿ ಅಂಗಡಿಗೆ ಒಬ್ಬನೇ ಹೋಗಿ ಚಿಲ್ಲರೆ ಕಡಿಮೆ ತಂದು ಬೈಸಿಕೊಳ್ಳಬೇಕಿತ್ತು. ಒಂಬತ್ತರಲ್ಲಿ ಒಂದು ಪರೀಕ್ಷೆ ತಾನೇ ಓದಿ ತಾನೇ ಕೆಡಿಸಿಕೊಳ್ಳಬೇಕಿತ್ತು. ತುಳಿಸಿಕೊಂಡ ಭತ್ತದ ಸಸಿ ತಲೆಯೆತ್ತುವುದು ಅದು ಎಳೆಯದಾಗಿರುವಾಗ.

ದೊಡ್ಡವರಲ್ಲೂ ಈ ಪಾಡು ಇದ್ದದ್ದೇ. ಸೆರಗಿನ ತುದಿಯ ಕೀಲಿಗೊಂಚಲನ್ನು ಮೂವತ್ತು ವರ್ಷ ಬಿಚ್ಚದ ಅತ್ತೆ, ಕಾಲುನೋವು ಬಂದ ದಿನ ಅದನ್ನು ಸೊಸೆಯ ಮುಂದೆ ಎಸೆದು ‘ನೀನೇ ನೋಡಿಕೋ’ ಎಂದರೆ ಅದು ಕೊಟ್ಟಂತಲ್ಲ. ಅತ್ತ ಅತ್ತೆಗೂ ನಿದ್ದೆಯಿಲ್ಲ; ಉಗ್ರಾಣದಲ್ಲಿ ಡಬ್ಬಿ ಸದ್ದಾದರೆ ಕಿವಿ ನಿಮಿರುತ್ತದೆ. ಸಕ್ಕರೆ ಡಬ್ಬಿಯನ್ನು ಮೊದಲ ವರ್ಷ, ಬೇಳೆಯನ್ನು ಎರಡನೆಯ ವರ್ಷ ಬಿಟ್ಟುಕೊಟ್ಟ ಮನೆಗಳಲ್ಲಿ ಇಬ್ಬರೂ ಮಧ್ಯಾಹ್ನ ಒಂದಿಷ್ಟು ಅಡ್ಡಾಗುತ್ತಾರೆ.

ಕೊನೆಯ ದಶಕಗಳಲ್ಲಿ ಫುಕುವೋಕಾ ಅವರಿಗೆ ಮರುಭೂಮಿಯ ಧ್ಯಾನ ಹತ್ತಿತು. ಗದ್ದೆಗೆಂದು ಮಾಡಿದ ಜೇಡಿಯ ಉಂಡೆಯನ್ನೇ ಬರಡು ನೆಲ ಹಸಿರಾಗಿಸಲು ಬಳಸಿದರು. ಆಫ್ರಿಕಾಕ್ಕೆ ಹೋದರು, 1998ರಲ್ಲಿ ಗ್ರೀಸಿನ ವೆಗೊರಿಟಿಸ್ ಸರೋವರದ ಸುತ್ತಲಿನ ಗುಡ್ಡಗಳಲ್ಲಿ ದೊಡ್ಡ ಪ್ರಮಾಣದ ಬಿತ್ತನೆ ನಡೆಯಿತು. ಉಂಡೆಗೆ ಅವರು ಒಂದೇ ಜಾತಿಯ ಬೀಜ ಹಾಕುತ್ತಿರಲಿಲ್ಲ. ಮರ, ಪೊದೆ, ಧಾನ್ಯ, ತರಕಾರಿ, ಹುಲ್ಲು ಎಲ್ಲವನ್ನೂ ಬೆರೆಸಿ ಎಸೆಯುತ್ತಿದ್ದರು. ಯಾವುದು ಎಲ್ಲಿ ಏಳಬೇಕೆಂದು ಆ ನೆಲ, ಆ ಮಳೆ ಗೊತ್ತುಮಾಡಲಿ. ಹೆಚ್ಚಿನವು ಏಳಲಿಕ್ಕಿಲ್ಲ, ಎದ್ದದ್ದು ಅಲ್ಲಿಯದೇ ಆಗಿ ಉಳಿದೀತು.

ಆ ಉಂಡೆ ಈಗ ನಮ್ಮೂರಿಗೂ ಬಂದಿದೆ. ಮುಂಗಾರು ಹತ್ತಿರವಾದರೆ ಶಾಲೆ, ಸಂಘ, ಕಚೇರಿಗಳ ಅಂಗಳದಲ್ಲಿ ಬೀಜದುಂಡೆ ಶಿಬಿರ. ಮಕ್ಕಳು ಮಣ್ಣಾಡುವುದು ನೋಡಲು ಚೆನ್ನ. ಅದರ ಪಕ್ಕದಲ್ಲೇ ಬ್ಯಾನರು, ಬ್ಯಾನರಿನ ಮೇಲೆ ಈ ವರ್ಷದ ಗುರಿ: ಇಷ್ಟು ಸಾವಿರ, ಇಷ್ಟು ಲಕ್ಷ. ತಲೆಗಿಷ್ಟೆಂದು ಹಂಚಿ, ಒಂದೇ ಅಳತೆಗೆ ಕಟ್ಟಿಸಿ, ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ಫೋಟೊ ತೆಗೆಯುತ್ತಾರೆ. ಎಷ್ಟು ಎಸೆದೆವೆಂಬ ಲೆಕ್ಕ ಮರುದಿನದ ಪತ್ರಿಕೆಯಲ್ಲಿ ಸಿಗುತ್ತದೆ. ಎಷ್ಟು ಮೊಳೆತವು ಎಂದು ಶ್ರಾವಣ ಕಳೆದ ಮೇಲೆ ಆ ಗುಡ್ಡಕ್ಕೆ ಹತ್ತಿ ನೋಡಿ ಬಂದವರ ಸುದ್ದಿ ಓದಿದ ನೆನಪು ನನಗಂತೂ ಇಲ್ಲ.